ತಂಗಿಗೆ ನಾನು ಆರಿಸಿದ ದೋಣಿ

ಹುತ್ರಿದುರ್ಗದ ಬಾವಿಯಲ್ಲಿ ತಂಗಿಯ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಈಜು ಕಲಿಸಿದವಳು ನಾನು. ಈಗ ಅವಳು ಮಾಲ್ಡೀವ್ಸ್‌ಗೆ ಹೊರಟಿದ್ದಳು. ವಾರವಿಡೀ ದೋಣಿಯಲ್ಲೇ ಉಂಡು ಮಲಗಿ, ದಿನವೂ ಸಮುದ್ರದಲ್ಲಿ ಮುಳುಗಿ ಮೀನು ನೋಡುವುದಂತೆ! ಬಟವಾಡಿಯ ನನ್ನ ಮನೆಗೆ ಬಂದು ಮೊಬೈಲಿನಲ್ಲಿ ಎರಡು ದೋಣಿ ತೋರಿಸಿದಳು.

"ಯಾವ್ದು ಚೆನ್ನಾಗಿದೆ, ನೀನೇ ಹೇಳಕ್ಕ."

ನನಗೆ ಹೊಟ್ಟೆ ಉರಿದುಹೋಯಿತು. ಬಾವಿಯ ಮೆಟ್ಟಿಲಲ್ಲೇ ಅಳುತ್ತಿದ್ದವಳಿಗೆ ಸಮುದ್ರ, ನನಗೆ ಬಟವಾಡಿಯ ನಲ್ಲಿ ನೀರು! ಮಲಗುವ ಕೋಣೆ ಎಂಜಿನ್ನಿಗೆ ಅಂಟಿಕೊಂಡಿದೆ, ರಾತ್ರಿಯೆಲ್ಲ ಡೀಸೆಲ್ ವಾಸನೆ ಎಂದು ಹೋಗಿಬಂದವರು ಬೈದು ಬರೆದಿದ್ದ ದೋಣಿಯನ್ನೇ ಬೆರಳಿಟ್ಟು ತೋರಿಸಿದೆ. ಅವಳು ಓದದೆ ಅಲ್ಲೇ ಬುಕ್ ಮಾಡಿದಳು.

"ಇಬ್ರಿಗೂ ಮಾಡ್ಬಿಟ್ಟೆ ಕಣಕ್ಕ. ಈಜು ಕಲ್ಸಿದೋಳು ನೀನು, ನಿನ್ನ ಬಿಟ್ಟು ಹೋಗ್ತೀನಾ?"

ಡೀಸೆಲ್ ವಾಸನೆ ಆಗಲೇ ನನ್ನ ಮೂಗಿಗೆ ಬಡಿಯಿತು.