ವಿಭಾಳಿಗೆ ಆದ ಶಿಕ್ಷೆ

ಅಕ್ಕಲಕೋಟೆ ಸೀಮೆಯ ಕರಜಗಿಯ ಅಕ್ಕನಾಗಮ್ಮ ಆರು ವರ್ಷ ಚಹಾ ಮುಟ್ಟಲಿಲ್ಲ. ಊರವರು ಪಿತ್ತವಿರಬೇಕು, ಇಲ್ಲವೇ ಹರಕೆಯಿರಬೇಕು ಎಂದುಕೊಂಡರು. ಹರಕೆಯೇ ಹೌದು. ಆದರೆ ಅದು ಮಗನಿಗಾಗಿ ಅಲ್ಲ, ಹೊಲಕ್ಕಾಗಿಯೂ ಅಲ್ಲ. ನಕ್ಷತ್ರಗಳ ಆಚೆ ಎಲ್ಲೋ ಸಿಕ್ಕಿಕೊಂಡ ಒಂಬತ್ತು ವರ್ಷದ ಹುಡುಗಿಗಾಗಿ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರಲಿಕ್ಕಿಲ್ಲ.

೧೯೯೩ರಲ್ಲಿ ಗಂಡ ಭೀಮಣ್ಣ ಸೊಲ್ಲಾಪುರದಿಂದ ಕಪ್ಪು-ಬಿಳುಪು ಟಿ.ವಿ. ತಂದ. ಆ ವರ್ಷ ರವಿವಾರ ಮುಂಜಾನೆ ‘ಆಕಾಶ ಕಾಫಿಲಾ’ ಎಂಬ ಹಿಂದಿ ಧಾರಾವಾಹಿ ಬರುತ್ತಿತ್ತು. ಆಕಾಶದಲ್ಲಿ ತೇಲುವ ಹಡಗು, ಅದನ್ನು ನಡೆಸುವ ಒಬ್ಬ ಹೆಂಗಸು, ಅವಳ ಮಗಳು ವಿಭಾ. ಹಡಗು ಬರೀ ತಗಡು, ಅದರ ದೀಪಗಳು ಮದುವೆ ಮಂಟಪದವು ಎಂದು ಮಗ ಸಿದ್ಧರಾಮ ಅಣಕಿಸುತ್ತಿದ್ದ. ಅದು ಅಕ್ಕನಾಗಮ್ಮನ ಕಿವಿಗೇ ಬೀಳುತ್ತಿರಲಿಲ್ಲ. ಹೊಲ, ಮನೆ, ಅಕ್ಕಲಕೋಟೆಯ ಬಾಜಾರು ಇಷ್ಟೇ ಕಂಡವಳಿಗೆ, ಒಂದು ಹೆಣ್ಣು ಚುಕ್ಕಿಯಿಂದ ಚುಕ್ಕಿಗೆ ಇಡೀ ಸಂಸಾರ ಸಾಗಿಸುವುದು ಕಾಣುತ್ತಿತ್ತು. ಹಿಂದಿ ಅಲ್ಲಲ್ಲಿ ತಿಳಿಯುತ್ತಿತ್ತು. ತಿಳಿಯದ್ದನ್ನು ಮರಾಠಿಯ ಆಸರೆಯಿಂದ ತಿಳಿದುಕೊಳ್ಳುತ್ತಿದ್ದಳು.

ಒಂಬತ್ತನೆಯ ಕಂತಿನಲ್ಲಿ, ಅಳುತ್ತಿದ್ದ ವಿಭಾಳನ್ನು ಪುಟ್ಟ ಹಡಗಿನಲ್ಲಿ ಕೂರಿಸಿ ದೂರದ ಗ್ರಹಕ್ಕೆ ಕಳಿಸಿದರು. ತಾಯಿ ಗಾಜಿನ ಆಚೆ ನಿಂತು ನೋಡಿದಳು. ಶಿಕ್ಷಾ, ಅಂದಳು. ಮುಂದಿನ ವಾರ ಕ್ರಿಕೆಟ್, ಅದರ ಮುಂದಿನ ವಾರ ಹಾಡು ಕುಣಿತ. ಕಾಫಿಲಾ ಮತ್ತೆ ಬರಲೇ ಇಲ್ಲ.

ಊರು ಅದನ್ನು ಹದಿನೈದು ದಿನದಲ್ಲಿ ಮರೆಯಿತು. ಅಕ್ಕನಾಗಮ್ಮ ಮಾತ್ರ ಮರೆಯಲಿಲ್ಲ. ಏನೂ ತಪ್ಪು ಮಾಡದ ಮಗುವಿಗೆ ಶಿಕ್ಷೆ ಕೊಟ್ಟು, ಬಿಡಿಸಿ ತರುವ ಮೊದಲೇ ಆಟ ನಿಲ್ಲಿಸಿಬಿಟ್ಟರಲ್ಲ. ಹುಡುಗಿ ಮನೆಗೆ ಬರುವವರೆಗೆ ಚಹಾ ಕುಡಿಯುವುದಿಲ್ಲ ಎಂದು ಹರಕೆ ಹೊತ್ತಳು. ಚಹಾ ಇಲ್ಲದೆ ಹಾಸಿಗೆ ಬಿಟ್ಟೇಳದ ಹೆಂಗಸು ಅವಳು. ಪ್ರತಿ ರವಿವಾರ ಅದೇ ಹೊತ್ತಿಗೆ ಟಿ.ವಿ. ಮುಂದೆ ಕೂತು, ಬಂದದ್ದನ್ನು ನೋಡಿ, ನಿಟ್ಟುಸಿರು ಬಿಟ್ಟು ಏಳುತ್ತಿದ್ದಳು.

೧೯೯೯ರ ಬೇಸಿಗೆಯಲ್ಲಿ ಮಗಳ ಮಗಳು ಸಾಯಲಿ ಸೊಲ್ಲಾಪುರದ ನವಿ ಪೇಠದಿಂದ ಬಂದಳು. ಕಾಲೇಜಿನಲ್ಲಿ ಹಿಂದಿ ಓದುವವಳು. ತಾನೇ ಮಾಡಿದ ಚಹಾ ಅಜ್ಜಿ ಒಲ್ಲೆ ಅಂದಾಗ ಕಾರಣ ಕೇಳದೆ ಬಿಡಲಿಲ್ಲ. ಅಕ್ಕನಾಗಮ್ಮ ಮೊದಲ ಸಲ ಬಾಯಿ ಬಿಟ್ಟಳು.

“ಆಯಿ, ಅವ್ರು ಏನಂದ್ರು, ನೆನಪದೇನು?”

ಅಕ್ಕನಾಗಮ್ಮ ಕಣ್ಣು ಮುಚ್ಚಿ, ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ, ಒಂದು ಅಕ್ಷರ ಆಚೀಚೆ ಆಗದಂತೆ ಹೇಳಿದಳು: “ವಿಭಾ ಕೋ ಶಿಕ್ಷಾ ಕೇ ಲಿಯೇ ಭೇಜಾ ಜಾ ರಹಾ ಹೈ.” ಆ ತಾಯಿಯ ದನಿ ಕೊನೆಗೆ ಒಡೆದದ್ದು ಕೂಡ ಹಾಗೆಯೇ ಬಂತು. ಆರು ವರ್ಷ! ತಪ್ಪು ಎಲ್ಲಾಗಿದೆ ಎಂದು ಸಾಯಲಿಗೆ ಹೊಳೆಯಿತು.

“ಆಯಿ, ಹಿಂದ್ಯಾಗ ಶಿಕ್ಷಾ ಅಂದ್ರ ನಮ್ಮ ಶಿಕ್ಷಾ ಅಲ್ಲ. ಅಂದ್ರ ಸಾಲಿ, ಓದು. ಅಕಿನ್ನ ಸಾಲಿ ಕಲ್ಯಾಕ ಕಳಿಸ್ಯಾರ.”

ಅಕ್ಕನಾಗಮ್ಮ ಕಣ್ಣು ತೆರೆದಳು.

“ಅಷ್ಟ್ ದೂರ?” ಎಂದಳು. “ಒಂದು ಹೆಣ್ಣ ಹುಡುಗೀನ, ಸಾಲಿಗಿ? ನನಗ ಎರಡನೆತ್ತಾಕ ಸಾಲಿ ಬಿಡಿಸಿದ್ರವ್ವ. ಊರ ಸಾಲೀನ ದೂರ ಆಗ್ತದಂದ್ರು.”

ಅವಳ ಮುಖದಲ್ಲಿ ದುಃಖವಿರಲಿಲ್ಲ. ಸಾಯಲಿ ಅಜ್ಜಿಯ ಕಣ್ಣಲ್ಲಿ ಅಂಥ ಬೆರಗನ್ನು ಎಂದೂ ಕಂಡಿರಲಿಲ್ಲ. ಇನ್ನೇನು ಹರಕೆ ಮುಗಿಯಿತು ಎಂದು ಚಹಾದ ಕಪ್ಪು-ಬಸಿಯನ್ನು ಮುಂದೆ ಸರಿಸಿದಳು.

“ಬ್ಯಾಡ. ಅಕಿ ಇನ್ನೂ ಮನೀಗಿ ಬಂದಿಲ್ಲಲ್ಲ.”

“ಆಯಿ, ಆ ನಾಟಕ ಬಂದ್ ಆಗಿ ಆರು ವರ್ಷ ಆತು.”

“ನಾಟಕ ಬಂದ್ ಆಗ್ಯದ. ಅಕಿ ಅಲ್ಲೇ ಇದ್ದಾಳಲ್ಲ.”

ಮಾಡಿದವರು ಮರೆತರು, ತೋರಿಸಿದವರು ಮರೆತರು. ಕರಜಗಿಯ ಒಬ್ಬ ಮುದುಕಿ ಆ ಮಗುವಿನ ಕೈ ಬಿಟ್ಟಿರಲಿಲ್ಲ. ಇದಕ್ಕಿಂತ ದೊಡ್ಡ ಮಾತನ್ನು ನಾನು ಆಕಾಶದ ಬಗ್ಗೆ ಕೇಳಿಲ್ಲ.

ಅಕ್ಕನಾಗಮ್ಮ ಗೂಡಿನಿಂದ ಅಂಚೆ ಕಾರ್ಡು ತೆಗೆದುಕೊಟ್ಟಳು. “ದಿಲ್ಲಿ ಟಿ.ವಿ.ಯವ್ರಿಗಿ ಬರಿ. ನಾಟಕ ಮತ್ತ ಹಚ್ಚ್ರಿ ಅಂತ ಬ್ಯಾಡ. ಅಕಿ ಮನೀಗಿ ಬಂದಾಳೇನು, ಅಷ್ಟ ಕೇಳು.”

ಸಾಯಲಿ ತನ್ನ ಚೆಂದದ ಅಕ್ಷರದಲ್ಲಿ ಹಿಂದಿಯಲ್ಲಿ ಬರೆದಳು. ಅಜ್ಜಿ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದಳು.

“ಜಾಗಾ ಉಳದದೇನ? ಈಗ ಅಕಿಗಿ ಹದಿನೈದು. ಹತ್ತನೆತ್ತಾ ಪಾಸಾದಳೇನು ಅಂತನೂ ಕೇಳು.”