ಟೆಂಟಿನಲ್ಲಿ ಬರೀ ಕನ್ನಡ

ಎರಡು ಸಾವಿರದ ಐದೋ ಆರೋ ಇರಬೇಕು. ಮಗಳಿಗೆ ಐದು ವರ್ಷ. ಸ್ವೀಡನ್ನಿನ ಸೊಲ್ಲೆಂಟುನಾದ ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಹೋಗಲು ಶುರುಮಾಡಿದ ಮೇಲೆ ಅವಳು ಕನ್ನಡದಲ್ಲಿ ಉತ್ತರಿಸುವುದನ್ನೇ ಬಿಟ್ಟಿದ್ದಳು. ಏನು ಕೇಳಿದರೂ ಸ್ವೀಡಿಷ್. ನನ್ನ ಆಫೀಸು ಇಂಗ್ಲಿಷಿನಲ್ಲೇ ನಡೆಯುತ್ತಿದ್ದುದರಿಂದ ನನಗೆ ಆ ಭಾಷೆ ಅಷ್ಟಕ್ಕಷ್ಟೇ. ಹೆತ್ತ ಮಗಳ ಮಾತಿಗೆ ಗಂಡನ ಹತ್ತಿರ ಅರ್ಥ ಕೇಳುವ ಗತಿ ಬಂತಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು. ನಿಜ ಹೇಳಬೇಕೆಂದರೆ ಹೆದರಿಕೆ. ಇವಳು ನನ್ನ ಕೈತಪ್ಪಿ ಹೋಗುತ್ತಾಳೆ ಎನ್ನುವ ಹೆದರಿಕೆ.

ಆ ಬೇಸಿಗೆಯಲ್ಲಿ ಕೆರೆ ಪಕ್ಕದ ಕ್ಯಾಂಪಿಂಗ್ ಜಾಗಕ್ಕೆ ಎರಡು ದಿನ ಹೋದೆವು. ಅದು ದೊಡ್ಡ ಸರೋವರವೇ ಇರಬಹುದು, ಬೆಂಗಳೂರಿನ ನಮಗೆ ನೀರು ನಿಂತಿದ್ದರೆ ಕೆರೆ. ಅಕ್ಕಪಕ್ಕದವರು ಒಂದೊಂದು ಚೀಲ ಹಿಡಿದು ಬಂದಿದ್ದರೆ ನಾವು ಕುಕ್ಕರು, ಒಗ್ಗರಣೆ ಡಬ್ಬಿ, ಚಟ್ನಿಪುಡಿ ಸಮೇತ ಸಂಸಾರವನ್ನೇ ಹೊತ್ತು ತಂದಿದ್ದೆವು. ಟೆಂಟಿಗೆ ಗೂಟ ಹೊಡೆಯುತ್ತಿದ್ದಾಗಲೇ ನಾನು ಕಾನೂನು ಹೊರಡಿಸಿದೆ.

"ಎರಡು ದಿನ ಬರೀ ಕನ್ನಡ. ಸ್ವೀಡಿಷ್ ಮಾತಾಡಿದ್ರೆ ಅಮ್ಮಂಗೆ ಕೇಳ್ಸಲ್ಲ."

"ಪಾಪ ಕಣೆ, ರಜಕ್ಕೆ ಬಂದಿದೀವಿ," ಎಂದ ಗಂಡ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ಸಣ್ಣ ಗ್ಯಾಸ್ ಒಲೆಯ ಮೇಲೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ನೀರಿನಂಚಿನ ಮರದ ಅಟ್ಟಣೆಯ ಮೇಲೆ ಅಪ್ಪನ ಜೊತೆ ಆಡುತ್ತಿದ್ದ ಮಗಳು ಒಬ್ಬಳೇ ವಾಪಸು ಬಂದು ನನ್ನ ಬೆನ್ನ ಹಿಂದೆ ನಿಂತಳು.

"ಯಾಕೆ, ಬಿದ್ಯಾ? ಪೆಟ್ಟಾಯ್ತಾ?" ಎಂದೆ, ತಿರುಗದೆ.

ಏನೋ ಗೊಣಗಿದಳು. ರವೆಯ ಸದ್ದಿನಲ್ಲಿ ಕೊನೆಯ ಮಾತಷ್ಟೇ ಕೇಳಿಸಿತು. "...ಇಲ್ಲ."

"ಜಾಣೆ," ಎಂದೆ. "ನೋಡು, ಎಷ್ಟು ಚೆನ್ನಾಗಿ ಕನ್ನಡ ಬರುತ್ತೆ ನಿಂಗೆ." ಅವಳು ಟೆಂಟಿನೊಳಗೆ ಹೋದಳು. ಆ ಖುಷಿಗೆ ಇನ್ನೊಂದು ಹಿಡಿ ಗೋಡಂಬಿ ಹಾಕಿದೆ.

ಉಪ್ಪಿಟ್ಟು ಆದ ಮೇಲೆ ಅವಳನ್ನು ಕರೆತರಲು ಟೆಂಟಿನೊಳಗೆ ಹೋದ ಗಂಡ ನನ್ನನ್ನೇ ಕೂಗಿದ. ಅವಳ ಅಂಗಾಲಿನಲ್ಲಿ ಅಟ್ಟಣೆಯ ಮರದ ಸಿಬಿರು ಆಳವಾಗಿ ಹೊಕ್ಕಿತ್ತು. ಹೊದಿಕೆಗೆಲ್ಲ ರಕ್ತ ಮೆತ್ತಿತ್ತು.

"ನಿಂಗೆ ಹೇಳಿದ್ಲಂತಲ್ಲೇ."

"ನಾನು ಕೇಳ್ದೆ. ಇಲ್ಲ ಅಂದ್ಲು."

"ಸ್ವೀಡಿಷ್‌ನಲ್ಲಿ 'ಇಲ್ಲ' ಅಂತ ಒಂದು ಪದ ಇದೆ ಕಣೆ. ಪೆಟ್ಟು ಮಾಡ್ಕೊಂಡೆ ಅನ್ನೋಕೆ ಅದನ್ನೇ ಹೇಳ್ತಾರೆ."

ನೋವಾಯಿತು ಎಂದು ಬಂದ ಮಗುವಿಗೆ ಜಾಣೆ ಎಂದು ಹೇಳಿ ಕಳಿಸಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಚಿಮುಟ ಹಿಡಿದೆ. ಅವಳು ತುಟಿ ಕಚ್ಚಿಕೊಂಡು, ಒಂದಿಷ್ಟೂ ಸದ್ದು ಮಾಡದೆ ಕೂತಿದ್ದಳು. ಆಮೇಲೆ ಅಪ್ಪನ ಕಿವಿಯಲ್ಲಿ ಸ್ವೀಡಿಷ್‌ನಲ್ಲಿ ಏನೋ ಕೇಳಿದಳು.

"ಏನಂತೆ?"

"ಅತ್ರೆ ಅಮ್ಮಂಗೆ ಕೇಳ್ಸುತ್ತಾ, ಅಂತ."

"ಕೇಳ್ಸುತ್ತೆ ಮರಿ," ಎಂದೆ.

ಅಷ್ಟಕ್ಕೇ ಕಾದಿದ್ದಳೇನೋ, ಬಾಯಿಬಿಟ್ಟು ಅತ್ತಳು. ಚಿಮುಟವನ್ನು ಗಂಡನಿಗೆ ಕೊಟ್ಟೆ.