ಬೇಸ್‌ಲೆಸ್ ಶಬ್ದಕ್ಕೆ ನಾನು ಹೇಳಿದ ಅರ್ಥ

ರೇಣುಕಾಳ ಶಾಲೆ ಬಿಡಿಸಿದವಳು ನಾನು. ಬಡತನದಿಂದ ಬಿಟ್ಟಳೆಂದು ನಮ್ಮ ಓಣಿಯವರು ತಿಳಿದಿದ್ದಾರೆ. ಮಗಳ ತಲೆಗೆ ಓದು ಹತ್ತಲಿಲ್ಲವೆಂದು ತಾಯಿ ನಾಗಮ್ಮ ತಿಳಿದಿದ್ದಾಳೆ. ಎರಡೂ ನಿಜವಲ್ಲ.

ನಾಗಮ್ಮ ಯಾದಗಿರಿ ಕಡೆಯವಳು. ತೆಲುಗು ಸೀಮೆಯ ಈ ಲಿಂಗಂಪಲ್ಲಿಯಲ್ಲಿ ನಮ್ಮ ಮನೆಯ ಹಿಂದಿನ ತಗಡಿನ ಮನೆಯಲ್ಲಿದ್ದು, ಗಂಡನ ಜೊತೆ ಕಟ್ಟಡದ ಕೂಲಿಗೆ ಹೋಗುತ್ತಿದ್ದಳು. ಮಗಳನ್ನು ಮಾತ್ರ ಹಟ ಹಿಡಿದು ಇಂಗ್ಲಿಷ್ ಶಾಲೆಗೆ ಹಾಕಿದ್ದಳು. ರೇಣುಕಾ ಎಂಟನೆಯ ತರಗತಿಯಲ್ಲಿದ್ದಾಗ, ಪರೀಕ್ಷೆಯಲ್ಲಿ ಪಕ್ಕದವಳದನ್ನು ನೋಡಿ ಬರೆದಳೆಂದು ಯಾರೋ ಪಾಲಕರು ದೂರು ಕೊಟ್ಟರು. ತಾಯಿಗೆ ಕರೆ ಬಂತು. ಹೊಸ ಮುಖ್ಯೋಪಾಧ್ಯಾಯಿನಿ ಕೇರಳದವರು. ತೆಲುಗು ಬಾರದು, ಹಿಂದಿಯೂ ಅಷ್ಟಕ್ಕಷ್ಟೆ.

"ಅಕ್ಕಾರ, ನಿಮಗ ಇಂಗ್ಲಿಷ್ ಬರತೈತಿ, ಜೋಡಿ ಬರ್ರಿ" ಎಂದಳು ನಾಗಮ್ಮ.

ನನಗೆ ಬರುತ್ತಿದ್ದುದು ಅರೆಬರೆ. ಕಲಬುರಗಿಯಲ್ಲಿ ಪಿಯುಸಿ ಓದಿ, ಸರ್ಕಾರಿ ನೌಕರನ ಹೆಂಡತಿಯಾಗಿ ಇಲ್ಲಿಗೆ ಬಂದವಳು. ಬರುವುದಿಲ್ಲ ಎಂದು ಓಣಿಯಲ್ಲಿ ಯಾರ ಮುಂದೆಯೂ ಹೇಳಿದವಳಲ್ಲ — ಅವತ್ತೂ ಹೇಳಲಿಲ್ಲ.

ಮೇಡಂ ನಿಧಾನವಾಗಿಯೇ ಮಾತಾಡಿದರು. ನನಗೆ ಸಿಕ್ಕಿದ್ದು ಎರಡೇ ಶಬ್ದ — ಬೇಸ್‌ಲೆಸ್, ಗ್ರೌಂಡ್. ಗ್ರೌಂಡ್ ಎಂದರೆ ಆಟದ ಬಯಲು, ಅದು ಇಲ್ಲೇಕೆ ಬಂತೋ ಎಂದು ಬಿಟ್ಟೆ. ಬೇಸ್ ಗೊತ್ತಿತ್ತು. ಟ್ಯೂಶನ್ನಿನವರು ಹೇಳುತ್ತಾರಲ್ಲ — ಹುಡುಗನಿಗೆ ಗಣಿತದ ಬೇಸ್ ಇಲ್ಲ, ಗಟ್ಟಿ ಮಾಡಬೇಕು ಎಂದು.

"ಏನಂತಾರ್ರಿ?" ನಾಗಮ್ಮ ಕೇಳಿದಳು.

"ಹುಡುಗಿಗೆ ಬೇಸ್ ಇಲ್ಲಂತ. ಬುನಾದೀನ ಇಲ್ಲ. ಅದಕ್ಕ ನೋಡಿ ಬರದಾಳ."

ಕೊನೆಯ ಮಾತನ್ನು ಮೇಡಂ ಆಡಿರಲೇ ಇಲ್ಲ. ನಾನೇ ಸೇರಿಸಿದೆ — ಅರ್ಥ ಪೂರ್ತಿಯಾಗಲೆಂದು. ಅವರು ನಗುತ್ತ ಎದ್ದುಬಂದು ನಾಗಮ್ಮನ ಕೈ ಹಿಡಿದರು. ಅದನ್ನು ಕಂಡಾದರೂ ನನಗೆ ಅನುಮಾನ ಬರಬೇಕಿತ್ತು. ಬಂದಿತ್ತೇನೋ —

ದಾರಿಯಲ್ಲಿ ನಾಗಮ್ಮ ಒಂದೇ ಮಾತಾಡಿದಳು. "ಬುನಾದಿ ಇಲ್ಲಂದ ಮ್ಯಾಲ ಗ್ವಾಡಿ ಎಬ್ಬಿಸಿ ಏನ್ ಮಾಡೂದ್ರಿ."

ತಾನು ನೋಡಿ ಬರೆದಿಲ್ಲ ಎಂದು ರೇಣುಕಾ ಅತ್ತಳು. ಮೇಡಂ ಅವರೇ ಹೇಳಿದ್ದಾರೆಂದು ತಾಯಿ ಬಾಯಿ ಮುಚ್ಚಿಸಿದಳು. ಕೆಲವೇ ದಿನಗಳಲ್ಲಿ ಹುಡುಗಿ ಸುಲ್ತಾನ್ ಬಜಾರಿನ ಹೊಲಿಗೆ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗತೊಡಗಿದಳು.

ಆಮೇಲೆ ಒಂದು ಸಂಜೆ ಟಿವಿಯಲ್ಲಿ ಯಾರೋ ಮುಖಂಡ ತನ್ನ ಮೇಲಿನ ಆರೋಪ ಬೇಸ್‌ಲೆಸ್ ಎಂದ. ಹಾಗಂದರೇನೆಂದು ನನ್ನ ಗಂಡನನ್ನು ಕೇಳಿದೆ.

"ಆಧಾರ ಇಲ್ಲದ್ದು ಅಂತ. ಸುಳ್ಳು ಅನ್ನೂದಕ್ಕ ಮರ್ಯಾದಿ ಮಾತು."

"ಗ್ರೌಂಡ್ ಅಂದ್ರ?"

"ಕಾರಣ ಅಂತನೂ ಅರ್ಥ ಐತಿ. ಯಾಕ?"

ಸುಮ್ಮನೆ ಕೇಳಿದೆ ಎಂದೆ. ಮೇಡಂ ಹೇಳಿದ್ದು — ದೂರಿಗೆ ಆಧಾರವಿಲ್ಲ, ಹುಡುಗಿಯನ್ನು ಶಿಕ್ಷಿಸಲು ಕಾರಣವಿಲ್ಲ. ಆ ವರ್ಷದ ಪಾಠ ಇನ್ನೂ ಮುಗಿದಿರಲಿಲ್ಲ. ಎದ್ದು ಹಿಂದಿನ ಮನೆಗೆ ಹೋಗಿ ಹೇಳಿದ್ದರೆ ರೇಣುಕಾ ಮತ್ತೆ ಶಾಲೆಗೆ ಹೋಗುತ್ತಿದ್ದಳು. ನಾನು ಏಳಲಿಲ್ಲ. ಅರ್ಥ ತಪ್ಪಿದ್ದು ತಿಳಿಯದೆ, ಸುಮ್ಮನಿದ್ದದ್ದು ತಿಳಿದೇ. ಅಕ್ಕಾರಿಗೆ ಇಂಗ್ಲಿಷ್ ಬರುವುದಿಲ್ಲವೆಂದು ನಾಗಮ್ಮನಿಗೆ ಗೊತ್ತಾಗಬಾರದಿತ್ತು, ಅಷ್ಟೆ. ಅಷ್ಟಕ್ಕೇ.

ರೇಣುಕಾಳಿಗೆ ಈಗ ಸ್ವಂತ ಹೊಲಿಗೆ ಅಂಗಡಿಯಿದೆ, ಇಬ್ಬರು ಮಕ್ಕಳಿದ್ದಾರೆ. ಮೊನ್ನೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಮಿಷನ್ ನಿಲ್ಲಿಸಿ ಕೇಳಿಸಿಕೊಂಡಳು. ಬಿಟ್ಟುಹೋದ ಓದಿನ ಮಾತೆತ್ತಿ ಬೈಯುತ್ತಾಳೆಂದುಕೊಂಡಿದ್ದೆ.

"ಹಂಗಾದ್ರ ನಾ ನೋಡಿ ಬರದಿಲ್ಲಂತ ಮೇಡಂಗ ಗೊತ್ತಿತ್ರಿ?"

"ಗೊತ್ತಿತ್ತು."

ಅವಳು ಮಿಷನ್ನಿನ ಮೇಲಿದ್ದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು — "ಅವ್ವಗ ಹೇಳ್ರಿ. ನನ್ನ ಮುಂದ ಹೇಳ್ರಿ."

ನಾಗಮ್ಮ ಊರಿಗೆ ಹೋಗಿದ್ದಾಳೆ. ಭಾನುವಾರ ಬರುತ್ತಾಳೆ. ಹೋಗಿ ಹೇಳುತ್ತೇನೆ. ಅವಳು ಏನಂದರೂ ಕೇಳಿಸಿಕೊಂಡು ಬರುತ್ತೇನೆ.